ಚಿಲ್ಲರೆ ಇಲ್ಲ, ಚಾಕಲೇಟು ತಗೊಳ್ಳಿ!

ಈ ಪತ್ರಿಕೆಯನ್ನು ನೀವು ಕೊಂಡದ್ದು ಬಸ್ ಸ್ಟ್ಯಾಂಡಿನಲ್ಲೇ ತಾನೇ? ಅಂದಮೇಲೆ ಅಂಗಡಿಯವನ ಆ ಹಳೇ ಡೈಲಾಗು ನಿಮಗೂ ಬಾಯಿಪಾಠ ಇರಲೇಬೇಕು. 'ಚಿಲ್ಲರೆ ಇಲ್ಲ ಸಾರ್, ಚಾಕಲೇಟು ತಗೊಳ್ಳಿ.' ಎಂಟಾಣೆ ಬಾಕಿಗೆ ಒಂದು, ಒಂದು ರೂಪಾಯಿ ಬಾಕಿಗೆ ಎರಡು. ಬೇಕೋ ಬೇಡವೋ ಕೇಳುವವರಿಲ್ಲ. ಅದೇ ಚಾಕಲೇಟನ್ನು ಮಾರನೇ ದಿನ ವಾಪಸು ಒಯ್ದು 'ತಗೊಳ್ರೀ ನಿಮ್ಮ ಎಂಟಾಣೆ' ಅಂದರೆ ಮಾತ್ರ ಅಂಗಡಿಯವನ ಮುಖ ವಿಲನ್ನಿನ ಮುಖ! ಕೇಂದ್ರ ಸರ್ಕಾರದವರು 2011ರ ಜೂನ್ ಕೊನೆಗೆ ನಾಲ್ಕಾಣೆಯನ್ನು ಚಲಾವಣೆಯಿಂದ ತೆಗೆದರು. ಎಂಟಾಣೆಯನ್ನು ಯಾರೂ ತೆಗೆಯಲಿಲ್ಲ, ಆದರೂ ಅಂಗಡಿಯವರು ಮುಟ್ಟಲಿಲ್ಲ. ಆ ಕಾಲದಲ್ಲಿ ಈ ದೇಶದ ನಿಜವಾದ ನಾಣ್ಯ ಯಾವುದು ಅಂತ ನನ್ನನ್ನು ಕೇಳಿದ್ದರೆ, ಗಾಜಿನ ಬರಣಿಯಲ್ಲಿದ್ದ ಪೆಪ್ಪರಮಿಂಟು ಅಂತ ಹೇಳುತ್ತಿದ್ದೆ.

ನನಗೆ ಮಾತ್ರ ಈ ವ್ಯವಹಾರದಲ್ಲಿ ಒಂದು ದಿನವೂ ಬೇಸರ ಆಗಲಿಲ್ಲ. ಚಾಕಲೇಟು ಕಂಡರೆ ನನ್ನದು ಅಂಥ ಪ್ರೀತಿ. ಏಲಕ್ಕಿ ವಾಸನೆಯ ಕಿಸ್ಮಿ, ಬಣ್ಣಬಣ್ಣದ ಪಾಪಿನ್ಸು, ಒಳಗೆ ಜಿನುಗುವ ಮೆಲೊಡಿ, ಎಲೆ ಅಡಿಕೆ ಹಾಕಿಕೊಂಡ ದೊಡ್ಡವರ ಹಾಗೆ ಬಾಯಿ ಘಮಘಮ ಅನ್ನಿಸುತ್ತಿದ್ದ ಪಾನ್ ಪಸಂದ್... (ಆ ಪಾನ್ ಪಸಂದ್ ಮಾಡುತ್ತಿದ್ದ ರಾವಳಗಾಂವದವರ ಬ್ರಾಂಡುಗಳನ್ನು 2024ರಲ್ಲಿ ರಿಲಯನ್ಸಿನವರು 27 ಕೋಟಿ ರೂಪಾಯಿಗೆ ಕೊಂಡರು. ನನ್ನ ಬಾಲ್ಯಕ್ಕೂ ಒಂದು ರೇಟು ಇದೆ ಅಂತ ಅವತ್ತು ಗೊತ್ತಾಯಿತು!) ಪಿ.ಯು.ಸಿ. ಎರಡನೇ ವರ್ಷಕ್ಕೆ ಕಾಲೇಜಿಗೆ ನಮಸ್ಕಾರ ಹೇಳಿ ಗಾಂಧಿನಗರ ಸೇರಿದ ಮೇಲಂತೂ ಇದು ಬರೀ ಪ್ರೀತಿಯಾಗಿ ಉಳಿಯಲಿಲ್ಲ, ಊಟವೇ ಆಯಿತು. ಪ್ರೆಸ್ ಮೀಟಿನಲ್ಲಿ ಹೊಟ್ಟೆ ತುಂಬ ಸಿಗುತ್ತದೆ ಅನ್ನುವುದು ನಿಜ. ಪ್ರೆಸ್ ಮೀಟ್ ಇಲ್ಲದ ದಿನ? ಜೇಬಿನಲ್ಲಿ ನಾಲ್ಕು ಕಾಫಿ ಬೈಟ್ ಇದ್ದರೆ ಬೆಳಗಿನಿಂದ ಸಂಜೆವರೆಗೆ ಯಾವ ನಿರ್ಮಾಪಕರ ಆಫೀಸಿನ ಬೆಂಚನ್ನಾದರೂ ಕಾಯಬಹುದು. ಅನುಭವದ ಮಾತು.

ಇಷ್ಟು ಪೀಠಿಕೆ ಯಾಕೆ ಅಂದರೆ, ಈಚೆಗೆ ನನಗೆ ದೊಡ್ಡ ಮಟ್ಟದ ಚಿಲ್ಲರೆ ಸಿಕ್ಕಿತು. ಒಂದು ಚಿತ್ರದ ಪ್ರಚಾರದ ಮ್ಯಾಟರ್ ಬರೆದುಕೊಟ್ಟಿದ್ದೆ. ಚಿತ್ರದ ಹೆಸರು ಬೇಡ, ಬ್ಯಾನರಿನ ಹೆಸರಂತೂ ಬೇಡವೇ ಬೇಡ. ಬರಬೇಕಾದದ್ದು 4,500 ರೂಪಾಯಿ. ನಾಲ್ಕು ಸಲ ಅಲೆದ ಮೇಲೆ ಮ್ಯಾನೇಜರು ನಗುನಗುತ್ತಾ ಕೈಗಿತ್ತದ್ದು ಕವರಲ್ಲ, ರೇಷ್ಮೆ ರಿಬ್ಬನ್ನು ಕಟ್ಟಿದ ಒಂದು ಪೆಟ್ಟಿಗೆ! 'ಸಾಹೇಬರು ನಿಮಗೇ ಅಂತ ಕಳಿಸಿದಾರೆ. ಗೌರ್ಮೆ ಚಾಕಲೇಟು. ಮಾಮೂಲಿ ಅಲ್ಲ.' ಒಳಗೆ ಆರು ಬಾರು, ಒಂದೊಂದರ ಮೇಲೂ 350 ರೂಪಾಯಿ ಅಂತ ಅಚ್ಚಾಗಿತ್ತು. ಎರಡು ನೂರಕ್ಕೆ 72ರದ್ದು, ಎರಡು 85ರದ್ದು, ಇನ್ನೆರಡು ಒಣಮೆಣಸಿನಕಾಯಿ ಮತ್ತು ಉಪ್ಪು ಹಾಕಿದ್ದು. ಖಾರದ ಚಾಕಲೇಟು! ಕೋಪ ಬರಬೇಕಾಗಿದ್ದ ಜಾಗದಲ್ಲಿ ನನ್ನ ಬಾಯಲ್ಲಿ ನೀರು ಬಂತು. ಏನು ಮಾಡಲಿ ಹೇಳಿ?

ಗೌರ್ಮೆ ಅಂದರೆ ಇಷ್ಟೇ: ನಾಲಗೆಯಲ್ಲಿ ರುಚಿ ಹುಡುಕುವವರಿಗಾಗಿ ಮಾಡಿದ್ದು. ಬಾರಿನ ಮೇಲಿನ 72 ಪರೀಕ್ಷೆಯ ಮಾರ್ಕ್ಸಲ್ಲ. ಅದರಲ್ಲಿ ಕೊಕ್ಕೊ ಬೀಜದ ಪಾಲು ನೂರಕ್ಕೆ 72, ಉಳಿದದ್ದು ಹೆಚ್ಚೂ ಕಮ್ಮಿ ಸಕ್ಕರೆ. ನಾವು ಚಿಲ್ಲರೆ ಬದಲು ತಿನ್ನುವ ಚಾಕಲೇಟಿನಲ್ಲಿ ಸಕ್ಕರೆಯೇ ಹೀರೋ, ಕೊಕ್ಕೊ ಬರೀ ಗೆಸ್ಟ್ ರೋಲು. ಈ ದೊಡ್ಡ ಚಾಕಲೇಟು ಮಾಡುವವರು ಬೀಜವನ್ನು ತಾವೇ ಕೊಂಡು, ತಾವೇ ಹುರಿದು, ಸಿಪ್ಪೆ ಹಾರಿಸಿ, ಕಲ್ಲಿನಲ್ಲಿ ಎರಡು ಮೂರು ದಿನ ಎಡೆಬಿಡದೆ ಅರೆಯುತ್ತಾರೆ. ಆ ಅರೆಯುವ ಕಲ್ಲು ಯಾವುದು ಗೊತ್ತೇ? ನಮ್ಮ ದೋಸೆ ಹಿಟ್ಟು ರುಬ್ಬುವ ಕೊಯಮತ್ತೂರಿನ ಗ್ರೈಂಡರಿನ ಖಾಸಾ ತಮ್ಮ! ಅಮೆರಿಕದ ಸಣ್ಣ ಚಾಕಲೇಟು ತಯಾರಕರು ಕೂಡ ಅದನ್ನೇ ಸ್ವಲ್ಪ ತಿದ್ದಿ ಇಟ್ಟುಕೊಂಡಿದ್ದಾರೆ. ನಮ್ಮ ಮೈಸೂರಿನಲ್ಲೇ 2012ರಲ್ಲಿ 'ಅರ್ಥ್ ಲೋಫ್' ಅಂತ ಶುರುವಾಗಿ ಈಗ 'ನವಿಲೂನ' ಅಂತ ಹೆಸರಾಗಿರುವ ಕಂಪನಿ ಈ ಬಗೆಯದು. ನಮ್ಮ ದೇಶದ ಬೀಜದಿಂದಲೇ ಅವರ ಚಾಕಲೇಟು.

ಪೆಟ್ಟಿಗೆಯನ್ನು ಬೆಂಗಳೂರಿನಲ್ಲಿ ಒಡೆಯಲಿಲ್ಲ. ಆ ವಾರ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಬಗ್ಗೆ ಬರೆಯಲು ಬಾದಾಮಿಗೆ ಹೊರಟಿದ್ದೆ. ಅಲ್ಲಿಂದ ಪಟ್ಟದಕಲ್ಲಿನ ಕಡೆ ಸ್ವಲ್ಪ ದೂರ ಹೋದರೆ ಮಲಪ್ರಭೆಯ ದಂಡೆಗೆ ಶಿವಯೋಗ ಮಂದಿರ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ್ದು. ಅವರ ಮೇಲೆ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ವಿರಾಟಪುರ ವಿರಾಗಿ' 2023ರಲ್ಲಿ ತೆರೆಗೆ ಬಂದದ್ದು ನಮ್ಮ ಓದುಗರಿಗೆ ನೆನಪಿರಬಹುದು. ನನಗೆ ಆ ಜಾಗದ ಸೆಳೆತ ಬೇರೆ. ಅಲ್ಲಿನ ರಸ್ತೆಯಲ್ಲಿ, ಬಸ್ಸು ನಿಲ್ಲುವ ಕಡೆ, ನನ್ನ ಸೋದರತ್ತೆಯ ಡಬ್ಬಿ ಅಂಗಡಿ ಇದೆ. ಕಾಯಿ, ಕರ್ಪೂರ, ವಿಭೂತಿ ಗಟ್ಟಿ, ಬೆಂಡು ಬತ್ತಾಸು, ಮತ್ತು ಸಾಲಾಗಿ ಐದು ಬರಣಿ ಚಾಕಲೇಟು. ಚಿಕ್ಕವನಿದ್ದಾಗ ರಜೆ ಬಂತೆಂದರೆ ಆ ಐದು ಬರಣಿಗಳೇ ನನ್ನ ಬಾಲ್ಕನಿ ಸೀಟು.

ಜಾತ್ರೆಯ ಬಸ್ಸು, ಕಾಲಿಡಲು ಜಾಗವಿಲ್ಲ. ಕಂಡಕ್ಟರು ಜನರ ತಲೆಯ ಮೇಲಿಂದ ನನ್ನ ಬ್ಯಾಗನ್ನು ದಾಟಿಸಿ ಡ್ರೈವರಿನ ಪಕ್ಕದ ಬಾನೆಟ್ ಮೇಲೆ ಕೂರಿಸಿದ. ಇಳಿದು, ಅತ್ತೆಯ ಮನೆಯಲ್ಲಿ ರಾತ್ರಿ ತಂಪಿನಲ್ಲಿಟ್ಟು, ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿದರೆ ಬಾರುಗಳ ಮೈಮೇಲೆಲ್ಲ ಬೆಳ್ಳಗೆ ಬೂದಿ ಬಡಿದಂತಾಗಿದೆ!

ಅತ್ತೆ ಹತ್ತಿರ ಹಿಡಿದು ನೋಡಿದರು. 'ಯಪ್ಪಾ, ಇದಕ್ಕೂ ವಿಭೂತಿ ಹಚ್ಯಾರೇನೋ?'

ಮಂದಿರದ ವಿಭೂತಿ ಹೆಸರುವಾಸಿ. ಅಲ್ಲಿನ ಗೋಶಾಲೆಯ ಸಗಣಿಯನ್ನು ಸುಟ್ಟು, ಬೂದಿಯನ್ನು ಸೋಸಿ, ಗಟ್ಟಿ ಕಟ್ಟುತ್ತಾರೆ. ಅದನ್ನೇ ವರ್ಷಗಟ್ಟಲೆ ಮಾರಿದ ಕೈ, ಬಿಳಿ ಕಂಡರೆ ಬೇರೇನು ಹೇಳೀತು? ಇದು ವಿಭೂತಿಯೂ ಅಲ್ಲ, ಬೂಸ್ಟೂ ಅಲ್ಲ. ಕೊಕ್ಕೊ ಬೀಜದೊಳಗೆ ಬೆಣ್ಣೆಯಂಥ ಒಂದು ಕೊಬ್ಬು ಇರುತ್ತದೆ. ಅದು ಹೆಪ್ಪುಗಟ್ಟುವಾಗ ಆರು ಬಗೆಯ ಹರಳಾಗಬಲ್ಲದು. ಆರರಲ್ಲಿ ಐದನೆಯದೇ ಸರಿಯಾದದ್ದು. ಅದಿದ್ದರೆ ಚಾಕಲೇಟಿಗೆ ಹೊಳಪು, ಮುರಿದರೆ 'ಟಕ್' ಅನ್ನುವ ಸದ್ದು. ಕರಗುವುದು ಸುಮಾರು 34 ಡಿಗ್ರಿಯಲ್ಲಿ. ನಮ್ಮ ಬಾಯಿ 37 ಡಿಗ್ರಿ, ಹಾಗಾಗಿ ನಾಲಗೆಯ ಮೇಲಿಟ್ಟ ಕೂಡಲೇ ಕರಗುತ್ತದೆ. ಬಾನೆಟ್ ಮೇಲೂ ಕರಗುತ್ತದೆ! ಕರಗಿದ್ದು ತನ್ನಷ್ಟಕ್ಕೇ ಮತ್ತೆ ಗಟ್ಟಿಯಾಗುವಾಗ ಹರಳು ಕೆಡುತ್ತದೆ, ಬೆಣ್ಣೆ ಮೇಲೆ ಬಂದು ಬೆಳ್ಳಗಾಗುತ್ತದೆ. ತಿನ್ನಲು ಏನೂ ತೊಂದರೆ ಇಲ್ಲ, ಮೇಕಪ್ ಮಾತ್ರ ಹೋಗಿರುತ್ತದೆ. ಬ್ಯಾಸಗಿಯಲ್ಲಿ 40 ಡಿಗ್ರಿ ಕಾಯುವ ನಮ್ಮ ಸೀಮೆಯ ಡಬ್ಬಿ ಅಂಗಡಿಗಳಲ್ಲಿ ಅಸಲಿ ಚಾಕಲೇಟು ಯಾಕೆ ಇಡುವುದಿಲ್ಲ ಅನ್ನುವುದಕ್ಕೂ ಇದೇ ಉತ್ತರ. ಇಲ್ಲಿ ಬಾಳುವುದು ಸಕ್ಕರೆ ಪೆಪ್ಪರಮಿಂಟು, ಇಲ್ಲವೇ ಕೊಕ್ಕೊ ಬೆಣ್ಣೆ ತೆಗೆದು ಬೇರೆ ಎಣ್ಣೆಯ ಕೊಬ್ಬು ಹಾಕಿದ ಚಾಕಲೇಟು. ಬಡವರ ಬಾಯಿಗೆ ರುಚಿ ಗೊತ್ತಿಲ್ಲ ಅಂತ ದೊಡ್ಡ ಊರಿನವರು ಅಂದುಕೊಳ್ಳುವುದುಂಟು. ಬಾಯಿಯ ಮಾತು ಆಮೇಲೆ ಆಯಿತು ಸ್ವಾಮಿ, ಮೊದಲು ಬಿಸಿಲನ್ನು ಕೇಳಿ!

ಪೆಟ್ಟಿಗೆಯ ಕತೆ ಕೇಳಿ ಅತ್ತೆ ಬೆರಳು ಮಡಚಿದರು. 'ಆರಕ್ಕ 2,100 ರೂಪಾಯಿ ಆತು. ನನ್ನ ಅಂಗಡ್ಯಾಗ ರೂಪಾಯಿಗೊಂದರಂಗ 2,100 ಚಾಕ್ಲೇಟ್ ಬರ್ತಾವ. ಬರಣಿಗಿ ಇನ್ನೂರಂದ್ರೂ ಹತ್ತೂವರಿ ಬರಣಿ! ಅದಿರ್ಲಿ, ಉಳದ 2,400 ಯಾವಾಗ ಕೊಡ್ತಾನಂತ?'

'ಇದರಾಗ ಎಲ್ಲಾ ಮುಗೀತು ಅಂತ ಅವರ ಲೆಕ್ಕ, ಅತ್ತೀ.'

'ಹಂಗಾರ ನಾನೂ ಮಂದಿಗಿ ಕಾಯಿ ಬದಲಿ ಬತ್ತಾಸ ಕೊಟ್ಟು ಕಳಸ್ಲೇನು?' ಅಂದರು. ಹಾಗಂತ ಅತ್ತೆಯೇನೂ ಈ ವಿದ್ಯೆಗೆ ಹೊಸಬರಲ್ಲ. ಅವರ ಬರಣಿಗಳಲ್ಲಿ ಅರ್ಧ ಖಾಲಿಯಾಗುತ್ತಿದ್ದದ್ದು ಚಿಲ್ಲರೆ ಬದಲಿಗೇ! ಈಗ ಎಲ್ಲರೂ ಫೋನು ಹಿಡಿದು ಹನ್ನೊಂದು ಅಂದರೆ ಹನ್ನೊಂದೇ ರೂಪಾಯಿ ಒತ್ತಿ ಹೋಗುತ್ತಾರೆ. ಒಂದು ರೂಪಾಯಿ ಹೆಚ್ಚಿಲ್ಲ, ಕಮ್ಮಿಯಿಲ್ಲ. ಐದು ಬರಣಿ ಮೂರಾಗಿವೆ.

ರುಚಿ ನೋಡುವುದಕ್ಕೂ ಶಾಸ್ತ್ರ ಇದೆ. ಅಗಿಯಬಾರದು. ನಾಲಗೆಯ ಮೇಲಿಟ್ಟು ಕಾಯಬೇಕು. ಮೊದಲು ಬರುವುದು ಕಹಿ. ಅಲ್ಲಿಗೇ ಸೋತು ಉಗುಳಬಾರದು. ಹಿಂದೆಯೇ ಹುಳಿ ಏಳುತ್ತದೆ, ಯಾಕೆಂದರೆ ಕಾಯಿಯೊಳಗಿನ ಬಿಳಿ ತಿರುಳಿನ ಸಮೇತ ಬೀಜವನ್ನು ಮರದ ಪೆಟ್ಟಿಗೆಯಲ್ಲಿ ಐದಾರು ದಿನ ಹುಳಿ ಬರಿಸಿರುತ್ತಾರೆ. ಆಮೇಲೆ ಹುರಿದ ಶೇಂಗಾದಂಥ ಘಮ, ಕೊನೆಗೆ, ಬಾಯಿ ಖಾಲಿಯಾದ ಮೇಲೆ, ತೆಳ್ಳಗೆ ಸಿಹಿ. ಒಂದು ಚೂರಿಗೆ ಒಂದು ನಿಮಿಷ. ನನ್ನ ಜೇಬಿನ ಕಾಫಿ ಬೈಟ್ ಬಂದ ಕೂಡಲೇ ತಬ್ಬಿಕೊಳ್ಳುತ್ತದೆ, ಹಾಡಿ ಕುಣಿದು ಹೋಗುತ್ತದೆ. ಇದು ಹಾಗಲ್ಲ. ಇಂಟರ್‌ವಲ್ ಆದರೂ ಕತೆ ಬಿಡುವುದಿಲ್ಲ. ನನಗೆ ಇಷ್ಟವಾಯಿತು, ಬಹಳ ಇಷ್ಟವಾಯಿತು. ಸಂಬಳದ ಬದಲು ಬಂದದ್ದು ಅಂತ ರುಚಿಗೆ ಸುಳ್ಳು ಹೇಳುವುದು ನನ್ನಿಂದಾಗದು.

ಅತ್ತೆಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಕೈ ತುಂಬ ಸಿಹಿ ಮಾರುವವರು, ನಾಲಗೆಯ ತುದಿಗೆ ತಾಗಿಸಿ ಬಿಡುವುದಷ್ಟೇ. ನಾನು ಲೆಕ್ಕ ಒಪ್ಪಿಸಿದೆ: ಬಾರು 60 ಗ್ರಾಂ, 18 ತುಂಡು, 72ರ ಒಂದು ತುಂಡಿನಲ್ಲಿ ಸಕ್ಕರೆ ಒಂದು ಗ್ರಾಮೂ ಇಲ್ಲ. ಒಂದು ತುಂಡು ತಗೊಂಡರು. ಕಣ್ಣು ಮುಚ್ಚಿದರು. ಆರು ವರ್ಷದಲ್ಲಿ ಅವರು ಒಂದು ಸಿಹಿಯನ್ನು ಕೊನೆಯವರೆಗೆ ಬಾಯಲ್ಲಿಟ್ಟುಕೊಂಡದ್ದು ನಾನು ನೋಡಿದ್ದು ಅದೇ ಮೊದಲು. ನಾನು ಉಸಿರು ಹಿಡಿದು ಕೂತೆ.

'ಕಹಿ ಐತಿ. ಆದ್ರ ಸುಳ್ಳಿಲ್ಲ' ಅಂದರು.

85ರದ್ದಕ್ಕೆ ಮುಖ ಕಿವಿಚಿದರು. 'ಇದು ಔಷಧ.' ಖಾರದ್ದು ಬಾಯಿಗೆ ಹೋದದ್ದೇ ತಡ, ಗೊಳ್ಳೆಂದು ನಕ್ಕರು. 'ಚಿಗಳಿನೋ ಇದು! ಚಿಗಳಿಗಿ ಕರೇ ಅಂಗಿ ತೊಡಿಸ್ಯಾರ!' ನೂರಕ್ಕೆ ನೂರು ನಿಜ. ಹುಣಸೆಹಣ್ಣು, ಬೆಲ್ಲ, ಉಪ್ಪು, ಒಣಮೆಣಸಿನಕಾಯಿ, ಜೀರಿಗೆ ಒರಳಿಗೆ ಹಾಕಿ ಕುಟ್ಟಿ, ಉಂಡೆ ಕಟ್ಟಿ ಕಡ್ಡಿಗೆ ಚುಚ್ಚಿದ ಹುಣಸೆ ಚಿಗಳಿ ಚೀಪಿ ಬೆಳೆದ ನಾಲಗೆಗೆ ಸಿಹಿ-ಖಾರ-ಹುಳಿಯ ಈ ಕೂಟ ಹೊಸದಲ್ಲ. ಮೆಕ್ಸಿಕೋದ ಹಳೆಯ ಮಂದಿ ಕೊಕ್ಕೊವನ್ನು ಮೆಣಸಿನಕಾಯಿ ಹಾಕಿಯೇ ಕುಡಿಯುತ್ತಿದ್ದರು. ಸಕ್ಕರೆ ಬೆರೆಸಿದ್ದು ಆಮೇಲೆ, ಯುರೋಪಿನವರು. ಹಾಲು ಚಾಕಲೇಟಂತೂ ಸ್ವಿಟ್ಜರ್ಲೆಂಡಿನಲ್ಲಿ 1875ರಲ್ಲಿ ಹುಟ್ಟಿದ ಮಗು. ಗೌರ್ಮೆ ಅಂಗಡಿಯವರು ಹೊಸ ಪ್ರಯೋಗ ಅಂತ ಹೇಳುವುದು ಅತಿ ಹಳೆಯ ರೆಸಿಪಿ! ಹಾಗೆ ನೋಡಿದರೆ ನಮ್ಮ ಅಮೀನಗಡದ ಕರದಂಟು ಯಾವ ಗೌರ್ಮೆ ಬಾರಿಗೆ ಕಮ್ಮಿ? ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ. ರೇಷ್ಮೆ ರಿಬ್ಬನ್ನು ಒಂದಿಲ್ಲ, ಅಷ್ಟೇ.

ಅತ್ತೆ ಇನ್ನೊಂದು ಪ್ರಶ್ನೆ ಕೇಳಿದರು. 'ಇದನ್ನ ಬೆಳಿಯೋ ಮಂದಿ ತಿಂತಾರೇನು?'

ಕೊಕ್ಕೊ ನಮ್ಮ ರಾಜ್ಯದಲ್ಲೇ ಬೆಳೆಯುತ್ತದೆ, ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಲ್ಲಿ. ಹಲಸಿನ ಹಾಗೆ ಕಾಂಡಕ್ಕೇ ಕಾಯಿ ಜೋತು ಬೀಳುತ್ತದೆ. 1970ರ ದಶಕದಲ್ಲಿ 'ಬೆಳೆಯಿರಿ, ಕೊಳ್ಳುತ್ತೇವೆ' ಅನ್ನುವ ಮಾತು ನಂಬಿ ರೈತರು ಸಸಿ ನೆಟ್ಟರು. ಆ ದಶಕದ ಕೊನೆಗೆ ಫಸಲು ಕೈಗೆ ಬರುವ ಹೊತ್ತಿಗೆ ಬೆಲೆ ಕುಸಿಯಿತು, ಕೊಳ್ಳುವ ಖಾಸಗಿಯವರು ಹಿಂದೆ ಸರಿದರು. ಕೊಕ್ಕೊವನ್ನು ಮನೆಯಲ್ಲಿ ಹುರಿದು ತಿನ್ನಲಾಗುತ್ತದೆಯೇ? ಕೆಲವರು ಗಿಡ ಕಡಿದರು. ಆಗ ಮಧ್ಯೆ ಬಂದದ್ದು ಕ್ಯಾಂಪ್ಕೊ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರ ಸಂಘ. ಅಡಿಕೆಯ ಸಂಘ ಕೊಕ್ಕೊ ಕೊಂಡಿತು. ಕೊಂಡದ್ದನ್ನು ಏನು ಮಾಡುವುದು? 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು! ರಾಷ್ಟ್ರಪತಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು. ಬೆಳೆದವರೇ ಒಡೆಯರಾದ ಚಾಕಲೇಟು ಅದು. ನನಗೆ ಇದಕ್ಕಿಂತ ಒಳ್ಳೆಯ ಚಿತ್ರಕಥೆ ಗಾಂಧಿನಗರದಲ್ಲಿ ಸಿಕ್ಕಿಲ್ಲ. ಹೀರೋ ಬರುವುದು ತಡವಾಗಿ, ಆದರೆ ಬರುತ್ತಾನೆ. 2024ರಲ್ಲಿ ಆಫ್ರಿಕಾದಲ್ಲಿ ಬೆಳೆ ಕೆಟ್ಟು ಜಗತ್ತಿನ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿದಾಗ, ಗಿಡ ಕಡಿಯದೆ ಉಳಿಸಿಕೊಂಡವರು ಮೀಸೆ ತಿರುವಿರಬೇಕು.

'ಹಂಗಾರ ಅವ್ರಿಗಿ ಆದ್ರೂ ರೊಕ್ಕದಾಗ ಕೊಟ್ರು' ಅಂದರು ಅತ್ತೆ, ನನ್ನ ಕಡೆ ಓರೆಗಣ್ಣಿನಿಂದ ನೋಡುತ್ತ.

ಮಧ್ಯಾಹ್ನ ಅವರಿಗೆ ಒಂದು ಹುಕಿ ಬಂತು. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುತ್ತಾರೆ, ಗೊತ್ತಲ್ಲ? ಸಾಗವಾನಿ ಅಚ್ಚಿನ ಎರಡು ಹೋಳು ಕೂಡಿಸಿ, ದಾರ ಬಿಗಿದು, ಸಕ್ಕರೆ ಪಾಕ ಹೊಯ್ದು, ತೇರು, ಆನೆ, ಒಂಟೆ, ನವಿಲು, ಬಸವಣ್ಣ ತೆಗೆಯುವುದು. ನಿಶ್ಚಯವಾದ ಹೆಣ್ಣಿನ ಮನೆಗೆ ಗಂಡಿನ ಕಡೆಯವರು ಒಯ್ಯುತ್ತಾರೆ. ಅತ್ತೆಯ ಹತ್ತಿರ ಅವರ ಅತ್ತೆಯ ಕಾಲದ ಒಂಬತ್ತು ಅಚ್ಚುಗಳಿವೆ. 'ಹೆಂಗೂ ಅಂದ ಕೆಟ್ಟೈತಿ. ಬಸವಣ್ಣನ್ನ ತಗದ ನೋಡೂನೇನು?'

ಸಕ್ಕರೆಗಾದರೆ ಅಚ್ಚನ್ನು ನೀರಲ್ಲಿ ನೆನೆಸಿಡುತ್ತಾರೆ. ಚಾಕಲೇಟಿಗೆ ನೀರು ಶತ್ರು. ಕರಗಿದ್ದಕ್ಕೆ ನಾಲ್ಕು ಹನಿ ಬಿದ್ದರೂ ಸಕ್ಕರೆಯೂ ಕೊಕ್ಕೊ ಪುಡಿಯೂ ಅಂಟಿಕೊಂಡು ಮುದ್ದೆಗಟ್ಟುತ್ತದೆ. ಅದಕ್ಕೇ ಒಣ ಅಚ್ಚಿಗೆ ತುಪ್ಪ ಸವರಿದೆವು. 72ರ ಬಾರುಗಳಲ್ಲಿ ಉಳಿದದ್ದನ್ನೆಲ್ಲ ಬಟ್ಟಲಿಗೆ ಮುರಿದು, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ ಹೊಯ್ದದ್ದಾಯಿತು. ಸಕ್ಕರೆಯಾದರೆ ಹತ್ತು ನಿಮಿಷಕ್ಕೆ ಅಚ್ಚು ಬಿಡುತ್ತದೆ. ಇದು ರಾತ್ರಿಯೆಲ್ಲ ಕಾಯಿಸಿತು. ಬೆಳಗಿನ ಚಳಿಯಲ್ಲಿ ದಾರ ಬಿಚ್ಚಿದರೆ, ಕರೀ ಬಸವಣ್ಣ! ಒಂದು ಕೋಡು ಅಚ್ಚಿನಲ್ಲೇ ಉಳಿಯಿತು, ಮೈಮೇಲೆ ಮತ್ತೆ ಅಲ್ಲಲ್ಲಿ ವಿಭೂತಿ. ಓಣಿಯ ಹುಡುಗರು ಬಂದು ಮೊದಲು ಕೈ ಮುಗಿದರು, ಆಮೇಲೆ ಕಾಲಿನಿಂದ ಶುರು ಮಾಡಿ ಡುಬ್ಬದವರೆಗೆ ತಿಂದು ಮುಗಿಸಿದರು. ಒಬ್ಬ ಮಾತ್ರ 'ಸುಟ್ಟೈತಿ' ಅಂತ ಅಜ್ಜಿಗೆ ವಾಪಸು ಕೊಟ್ಟ.

ಉಳಿದ ಬಾರುಗಳನ್ನು ಬೆಂಗಳೂರಿಗೆ ಒಯ್ಯುವುದು ಬೇಡ, ಬಾನೆಟ್ಟಿಗೆ ಇನ್ನೊಂದು ಬಲಿ ಯಾಕೆ ಅಂತ ಅಲ್ಲೇ ಬಿಟ್ಟುಬಂದೆ. ಅತ್ತೆ ಸುಮ್ಮನಿರುವ ಪೈಕಿಯೇ? ಖಾಲಿ ಬಿದ್ದಿದ್ದ ನಾಲ್ಕನೇ ಬರಣಿಯನ್ನು ತೊಳೆದು ಒರೆಸಿ, ತುಂಡು ಮಾಡಿ ತುಂಬಿ, ಒದ್ದೆ ಅರಿವೆ ಸುತ್ತಿದ ಹೂಜಿಯ ಬದಿಗೆ ಇಟ್ಟರಂತೆ. ತುಂಡಿಗೆ ಹತ್ತು ರೂಪಾಯಿ! (ಬಾರಿನ ಲೆಕ್ಕದಲ್ಲಿ ಹತ್ತೊಂಬತ್ತು ರೂಪಾಯಿ ಚಿಲ್ಲರೆ ಬೀಳುವ ಮಾಲು.) ಬಸ್ಸಿನ ಡ್ರೈವರು ಒಂದು ಬಾಯಿಗೆ ಹಾಕಿ ಕಿಟಕಿಯಿಂದ ಉಗುಳಿದನಂತೆ. ಬಾದಾಮಿಯ ಕಾಲೇಜಿಗೆ ಹೋಗುವ ಹುಡುಗಿ ಖಾರದ್ದು ಎರಡು ಒಯ್ದವಳು ಮಾರನೇ ದಿನ ಗೆಳತಿಯರನ್ನು ಕಟ್ಟಿಕೊಂಡು ಬಂದಳಂತೆ. 85ರದ್ದನ್ನು 'ಸಕ್ಕರಿ ಇದ್ದಾರು ಒಂದ ತಿಂದ್ರ ನಡೀತೈತಿ' ಅಂತ ಹೇಳಿ ರಿಟೈರ್ಡ್ ಮಾಸ್ತರರೊಬ್ಬರಿಗೆ ದಾಟಿಸಿದ್ದಾರೆ. ಈ ವೈದ್ಯಕೀಯ ಸಲಹೆಗೆ ಈ ಅಂಕಣಕಾರ ಹೊಣೆಯಲ್ಲ!

ಒಟ್ಟು 41 ತುಂಡು, 410 ರೂಪಾಯಿ. ಅಂಗಡಿ ಕಮಿಷನ್ 41 ಮುರಿದುಕೊಂಡು 369 ರೂಪಾಯಿ ನನ್ನ ಫೋನಿಗೆ ಬಂದು ಬಿತ್ತು. ಆ ಚಿತ್ರದ ಲೆಕ್ಕದಲ್ಲಿ ಇಲ್ಲಿಯವರೆಗೆ ನನ್ನ ಕೈ ಸೇರಿದ ನಗದು ಇಷ್ಟೇ. ಹಿಂದೆಯೇ ಅತ್ತೆಯ ದನಿ, ಮೊಮ್ಮಗನ ಫೋನಿನಿಂದ: 'ಖಾರದ್ದು ಇನ್ನ ಎರಡು ಸಿಕ್ರ ಕಳಸೋ. ಆ ಎಂಬತ್ತೈದರದ್ದು ಬ್ಯಾಡ. ಬಸ್ಸಿನ್ಯಾಗ ತರೂದಿದ್ರ ಬ್ಯಾಗ್ ತೊಡಿ ಮ್ಯಾಲ ಇಟ್ಕೋ.'